ಸುಂದರಾಬಾಯಿಗೆ ಬಂದ ಹೆಬ್ಬೆಟ್ಟು

ಕೊಗನೊಳ್ಳಿಯ ಸುಂದರಾಬಾಯಿ ಬಾಯಿ ಮುಚ್ಚಿಕೊಂಡು ಕೂತದ್ದನ್ನು ನೋಡಿದವರು ಆ ಊರಲ್ಲಿ ಯಾರೂ ಇರಲಿಲ್ಲ. ನಿದ್ದೆಯಲ್ಲೂ ಯಾರನ್ನೋ ಬೈಯುತ್ತಿರುತ್ತಾಳೆ ಎಂದು ಗಂಡ ರಾಜಾರಾಮ ಹೇಳುತ್ತಿದ್ದ. ಬೀಡಿ ಕಟ್ಟುವಾಗ ದಾರವನ್ನು ಹಲ್ಲಲ್ಲಿ ಕಚ್ಚಿಕೊಂಡೇ ಮಾತಾಡುವಳು; ಕೇಳುವವರಿಗೆ ಅರ್ಧ ಮಾತು ತಿಳಿದರೆ, ಉಳಿದದ್ದನ್ನು ಅವಳ ಹುಬ್ಬು ಹೇಳಿ ಮುಗಿಸುತ್ತಿತ್ತು. ಅಂಥ ಹೆಂಗಸು ಒಂದು ಬೇಸಿಗೆಯಲ್ಲಿ ಬಾಯಿಗೆ ಬೀಗ ಜಡಿದುಕೊಂಡು ಕೂತಳು ಅಂದರೆ ನಂಬುತ್ತೀರಾ? ಕೂತಳು. ಕಾರಣ ಒಂದು ಹೆಬ್ಬೆಟ್ಟು. ಅದೂ ಮನುಷ್ಯರದಲ್ಲ, ಫೋನಿನೊಳಗಿನ ಹಳದಿ ಬಣ್ಣದ ಹೆಬ್ಬೆಟ್ಟು.

ಬುಡದಿಂದಲೇ ಹೇಳಬೇಕು. ನಮ್ಮ ಗಡಿಭಾಗದಲ್ಲಿ ಮದುಮಗಳ ಜೊತೆ ತವರಿನ ಒಬ್ಬ ಹೆಂಗಸು ಗಂಡನ ಮನೆಗೆ ಹೋಗುತ್ತಾಳೆ. ಒಂದೆರಡು ದಿನ ಅಲ್ಲಿದ್ದು, ಹುಡುಗಿ ಹೊಟ್ಟೆ ತುಂಬ ಉಂಡಳೋ ಇಲ್ಲವೋ, ಮೂಲೆ ಹಿಡಿದು ಅತ್ತಳೋ ಎಂದು ನೋಡಿಕೊಂಡು ಬರುತ್ತಾಳೆ. ಕನ್ನಡದವರೂ ಅವಳನ್ನು ಮರಾಠಿ ಹೆಸರಿನಿಂದಲೇ ಕರೆಯುವುದು ರೂಢಿ: ಪಾಠರಾಖೀಣ, ಅಂದರೆ ಬೆನ್ನು ಕಾಯುವವಳು. ಸುಂದರಾ ಮದುವೆಯಾಗಿ ಬಂದಾಗ ಅವಳ ಬೆನ್ನಿಗೆ ಯಾರೂ ಇರಲಿಲ್ಲ. ಅವ್ವ ಮೊದಲೇ ತೀರಿಹೋಗಿದ್ದಳು, ಇದ್ದೊಬ್ಬ ಸೋದರತ್ತೆ ಕಾಲುನೋವೆಂದು ಹಿಂದೆ ಉಳಿದಳು. ಹುಡುಗಿ ಜೀಪಿನಿಂದ ಒಬ್ಬಳೇ ಇಳಿದು, ಗುರುತಿಲ್ಲದ ಮನೆಯ ಒಳಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಕೂತುಬಿಟ್ಟಳು.

ಆಗ ಪಕ್ಕದ ಮನೆಯ ಸೊಸೆ ಸುಗಂಧಾ ಒಳಗೆ ಬಂದಳು. ಅವಳೂ ವರ್ಷದ ಹಿಂದಷ್ಟೇ ಆ ಗಲ್ಲಿಗೆ ಬಂದವಳು. ಕೈಯಲ್ಲಿ ಅನ್ನ ಸಾರಿನ ತಾಟು ಇತ್ತು. ಮುಂದೆ ಕುಕ್ಕರುಗಾಲಲ್ಲಿ ಕೂತು, ನಿನಗೆ ಪಾಠರಾಖೀಣ ಇಲ್ಲವಂತಲ್ಲ, ನಾನೇ ಆಗುತ್ತೇನೆ, ನೀ ಉಣ್ಣು ಎಂದಳು. ಸುಂದರಾ ಉಂಡಳು. ಮುಂದೆ ಸುಂದರಾಳಿಗೆ ಗಂಡು ಮಗುವಾಗಿ, ಅದರ ಹಿಂದೆ ಮಯೂರಿ ಹುಟ್ಟಿದಾಗ, ಸುಗಂಧಾ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, "ಈಕಿ ಲಗ್ನಕ್ಕ ಪಾಠರಾಖೀಣ ನಾನ ಬೇ. ಬ್ಯಾರೆ ಯಾರನ್ನರ ಕರದಿ ಅಂದ್ರ ನೋಡು ಮತ್ತ," ಎಂದು ಕಣ್ಣು ಬಿಟ್ಟಿದ್ದಳು. ಸುಂದರಾ ಆ ಮಾತನ್ನು ಮರೆಯಲಿಲ್ಲ.

ಗಲ್ಲಿಯ ಬುದ್ಧವಿಹಾರದ ಮುಂದಿನ ಕಟ್ಟೆಯೇ ಅವರ ಕಾರ್ಖಾನೆ. ಮನೆಗೆಲಸ ಮುಗಿಸಿ ಹೆಂಗಸರೆಲ್ಲ ಮೊರ ಹಿಡಿದು ಅಲ್ಲಿಗೆ ಬರುವರು. ನೆನೆಸಿದ ಎಲೆಯನ್ನು ಕತ್ತರಿಯಿಂದ ಕತ್ತರಿಸಬೇಕು, ಚಿಟಿಕೆ ತಂಬಾಕು ಹಾಕಬೇಕು, ಹೆಬ್ಬೆಟ್ಟಿನಿಂದ ಉರುಳಿಸಬೇಕು, ಹೆಬ್ಬೆಟ್ಟಿನ ಉಗುರಿನಿಂದಲೇ ಬಾಯಿ ಮಡಚಿ ದಾರ ಸುತ್ತಬೇಕು. ಕೈ ತನ್ನಷ್ಟಕ್ಕೆ ಕೆಲಸ ಮಾಡುತ್ತದೆ, ಬಾಯಿಗೆ ಬಿಡುವೇ ಬಿಡುವು. ಯಾರ ಅತ್ತೆ ಹೇಗೆ, ಯಾರ ಎಮ್ಮೆ ಈಯಿತು, ನಿಪ್ಪಾಣಿಯ ಸಂತೆಯಲ್ಲಿ ಬದನೆಕಾಯಿ ಹೇಗಿತ್ತು, ಎಲ್ಲ ಅಲ್ಲೇ ಇತ್ಯರ್ಥ. ಎದೆಯಲ್ಲಿ ಭಾರ ಇಟ್ಟುಕೊಂಡು ಬಂದವಳು ಸಂಜೆಗೆ ಹಗುರಾಗಿ ಮನೆಗೆ ಹೋಗುತ್ತಿದ್ದಳು. ಎದೆಯ ಆ ಭಾರಕ್ಕೊಂದು ಹೆಸರಿದೆ, ಔಷಧವಿದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಸುಗಂಧಾ ಏಳನೆಯ ಇಯತ್ತೆಯವರೆಗೆ ಓದಿದವಳು. ಸುಂದರಾ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಕಾಗದ ಬಂದರೆ ಹೆಬ್ಬೆಟ್ಟು ಒತ್ತುವವಳು. ನಾಲ್ಕು ಅಕ್ಷರ ಬಂದವರು ಅಂಥವರನ್ನು ಕರೆಯುವುದೇ "ಹೆಬ್ಬೆಟ್ಟು" ಎಂದು. ಆ ಮಾತು ಕಿವಿಗೆ ಬಿದ್ದರೆ ಸುಂದರಾ ಕೆಂಡವಾಗುತ್ತಿದ್ದಳು. ಸುಗಂಧಾ ಮಾತ್ರ ಒಂದು ಸಲವೂ ಹಾಗೆ ಅಂದವಳಲ್ಲ. ಬಸ್ಸಿನ ಬೋರ್ಡು ಓದಿ ಹೇಳುವಾಗಲೂ, ತಾನು ತನಗಾಗಿ ಓದಿಕೊಂಡಂತೆ ಸಣ್ಣಗೆ ಓದಿ ಇವಳಿಗೆ ಕೇಳಿಸುತ್ತಿದ್ದಳು.

ಮುಂದೆ ಸುಗಂಧಾಳ ಮಗ ಸುಮೇಧನಿಗೆ ರಾಯಬಾಗದ ಒಂದು ಕಚೇರಿಯಲ್ಲಿ ನೌಕರಿಯಾಯಿತು. ಹುಡುಗ ಒಳ್ಳೆಯವನು. ಗಂಡನಿಲ್ಲದ ಅವ್ವನನ್ನು ಊರಲ್ಲಿ ಬಿಟ್ಟು ಹೋಗಲು ಮನಸ್ಸಾಗದೆ ಜೊತೆಗೇ ಕರೆದುಕೊಂಡು ಹೋದ. ಹೋಗುವ ದಿನ ಸುಗಂಧಾ ತನ್ನ ಮೊರವನ್ನು ಸುಂದರಾಳಿಗೆ ಕೊಟ್ಟಳು. ರಾಯಬಾಗ ಏನು ಕಾಶಿಯೇ, ಎರಡು ಬಸ್ಸು ಬದಲಿಸಿದರೆ ಬಂತು ಎಂದು ಸುಂದರಾ ನಕ್ಕಳು. ಬಸ್ಸು ಹೋದ ಮೇಲೆ ಕಟ್ಟೆಗೆ ಬಂದು, ಯಾರೋ ಏನೋ ಕೇಳಿದ್ದಕ್ಕೆ ಹರಿಹಾಯ್ದಳು. ಯಾಕೆಂದು ಎಲ್ಲರಿಗೂ ಗೊತ್ತಿತ್ತು.

ಅಷ್ಟರಲ್ಲಿ ಕಟ್ಟೆಯ ಬಣ್ಣವೂ ಬದಲಾಗತೊಡಗಿತ್ತು. ಎರಡು ಸಾವಿರದ ಹದಿನಾರು ಹದಿನೇಳರ ಹೊತ್ತಿಗೆ ಪ್ರತಿ ಮನೆಗೂ ದೊಡ್ಡ ಫೋನು ಬಂತು. ಹೆಂಗಸರು ಮೊರದ ಅಂಚಿಗೆ ಫೋನು ಆನಿಸಿಟ್ಟು ಧಾರಾವಾಹಿ ನೋಡುತ್ತ ಬೀಡಿ ಸುತ್ತುವರು. ಒಬ್ಬಳಿಗೆ ಅಳು, ಪಕ್ಕದವಳಿಗೆ ನಗು, ಒಬ್ಬರದು ಇನ್ನೊಬ್ಬರಿಗೆ ಗೊತ್ತಿಲ್ಲ. ಕೆಲವರು ಮನೆಯಲ್ಲೇ ಕೂತರು. ಸುಂದರಾ ಎಲ್ಲರಿಗೂ ಬೈದು ನೋಡಿದಳು. ಬೈಗುಳವನ್ನೂ ಯಾರೂ ಕಿವಿಗೊಟ್ಟು ಕೇಳದಿದ್ದಾಗ ಅವಳಿಗೆ ನಿಜವಾಗಿ ದಿಗಿಲಾಯಿತು.

ಅವಳನ್ನು ಬದುಕಿಸಿದವಳು ಸೊಸೆ ನೀಲಮ. ಒಂದು ದಿನ ಅತ್ತೆಯ ಫೋನಿಗೆ ವಾಟ್ಸಪ್ಪು ಹಾಕಿ, ಸುಗಂಧಾಳ ಫೋಟೋ ತೋರಿಸಿ, ಈ ಮೈಕಿನ ಚಿತ್ರ ಒತ್ತಿಹಿಡಿದು ಮಾತಾಡಿ ಕೈ ಬಿಟ್ಟರೆ ರಾಯಬಾಗಕ್ಕೆ ಮುಟ್ಟುತ್ತದೆ ಎಂದು ಹೇಳಿಕೊಟ್ಟಳು. ಅಕ್ಷರ ಬೇಡ, ಬಾಯಿ ಸಾಕು. ಸುಂದರಾಳಿಗೆ ಸ್ವರ್ಗ ಮೂರೇ ಗೇಣು. ಆದರೆ ಎರಡೂ ಕೈಗೆ ತಂಬಾಕು. ಒತ್ತುವುದು ಹೇಗೆ? ಅವಳು ಫೋನನ್ನು ನೆಲಕ್ಕಿಟ್ಟು, ಕಾಲು ಚಾಚಿ, ಕಾಲಿನ ಹೆಬ್ಬೆರಳಿನಿಂದ ಮೈಕನ್ನು ಒತ್ತಿಹಿಡಿದಳು! ಮಾತು ಮುಗಿದ ಮೇಲೆ, ವಿದ್ಯೆಯ ವಸ್ತುವಿಗೆ ಕಾಲು ತಾಗಿತಲ್ಲ ಎಂದು, ಮಣಿಕಟ್ಟಿನಿಂದ ಫೋನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವಳು. ಮತ್ತೆ ಕಾಲು ಚಾಚುವಳು.

ರಾಯಬಾಗದಿಂದ ಉತ್ತರವೂ ಬರುತ್ತಿತ್ತು. ಸುಗಂಧಾಳದು ಸಣ್ಣ ದನಿ, ಸಣ್ಣ ಮಾತು. ಉಂಡೆಯಾ, ಮಂಡಿನೋವು ಹೇಗಿದೆ, ಇಲ್ಲಿ ಕಬ್ಬಿನ ಟ್ರ್ಯಾಕ್ಟರು ರಸ್ತೆಗೆ ಅಡ್ಡ ನಿಂತು ಸುಮೇಧ ತಡವಾಗಿ ಬಂದ, ಇಷ್ಟೇ. ಸುಂದರಾಳಿಗೆ ಇಷ್ಟು ಸಾಕಿತ್ತು. ಕಟ್ಟೆಯ ಉಳಿದ ಹೆಂಗಸರೂ ಮೆಲ್ಲಗೆ ತಮ್ಮ ಧಾರಾವಾಹಿ ನಿಲ್ಲಿಸಿ ಸುಂದರಾ ಸುಗಂಧಾರ ಮಾತುಕತೆ ಕೇಳತೊಡಗಿದರು. ಅದರಲ್ಲಿ ಜಾಹೀರಾತು ಇರಲಿಲ್ಲ ಎನ್ನುವುದೂ ಒಂದು ಕಾರಣವಿರಬಹುದು.

ಹೀಗಿರುವಾಗ ಮಯೂರಿಯ ಮದುವೆ ಗೊತ್ತಾಯಿತು. ಹುಡುಗ ಮಂಗಸೂಳಿಯವನು, ವಿಕ್ರಾಂತ ಎಂದು ಹೆಸರು, ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ. ಮನೆಯವರೆಲ್ಲ ಖುಷಿಯಾಗಿದ್ದರು. ಸುಂದರಾಳ ಮನಸ್ಸಿಗೆ ಮಾತ್ರ ಅದೇ ಬೆಳಿಗ್ಗೆ ಒಂದು ಮುಳ್ಳು ಚುಚ್ಚಿತ್ತು. ರೇಷನ್ ಅಂಗಡಿಯ ಹೊಸ ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತಿದರೆ ಅದು ಹಿಡಿಯಲೇ ಇಲ್ಲ. ಬೀಡಿ ಉರುಳಿಸಿ ಉರುಳಿಸಿ ಬೆರಳಿನ ಗೆರೆಗಳೆಲ್ಲ ಸವೆದಿದ್ದವು. ಸಾಲಿನಲ್ಲಿ ನಿಂತಿದ್ದ ಯಾವನೋ, ಹೆಬ್ಬೆಟ್ಟಿನವಳಿಗೆ ಹೆಬ್ಬೆಟ್ಟೂ ಇಲ್ಲದಂಗಾತಲ್ಲ ಎಂದು ನಕ್ಕ. ನಾಲ್ಕು ಜನ ಅವನ ಜೊತೆ ಹಲ್ಲು ಕಿಸಿದರು. ಸುಂದರಾ ಖಾಲಿ ಚೀಲ ಮಡಚಿ ಕಂಕುಳಲ್ಲಿಟ್ಟುಕೊಂಡು ಮನೆಗೆ ಬಂದಳು.

ಆ ಬೇಸರವನ್ನು ಬದಿಗೊತ್ತಿ, ಮಧ್ಯಾಹ್ನ ಕಟ್ಟೆಯಲ್ಲಿ ಕೂತು ರಾಯಬಾಗಕ್ಕೆ ಸುದ್ದಿ ಕಳಿಸಿದಳು. "ಮಯೂರಿ ಲಗ್ನ ಗೊತ್ತಾತು ಬೇ ಸುಗಂಧಾ. ನೀ ಕೂಸಿನ್ನ ತೊಡಿಮ್ಯಾಲ ಹಾಕ್ಕೊಂಡು ಆಡಿದ ಮಾತು ನೆನಪೈತಿಲ್ಲೊ? ಪಾಠರಾಖೀಣ ನೀನ ಆಗಬೇಕ. ನನಗಂತೂ ಯಾರೂ ಬಂದಿದ್ದಿಲ್ಲ. ನನ್ನ ಮಗಳ ಬೆನ್ನಿಗರ ನೀ ಇದ್ದೀ ಅಂದ್ರ ನನಗ ನಿದ್ದಿ ಹತ್ತತೈತಿ. ಬರ್ತೀಯಿಲ್ಲೊ, ಹೇಳು." ಕಾಲು ತೆಗೆದಳು, ಮಾತು ಹೋಯಿತು.

ಉತ್ತರ ತಡವಾಗಿ ಬಂತು. ಹೆಂಗಸರೆಲ್ಲ ಎದ್ದು ಹೋಗಿದ್ದರು, ಸುಂದರಾ ಒಬ್ಬಳೇ ಮೊರ ಝಾಡಿಸುತ್ತಿದ್ದಳು. ಫೋನು ಟಿಣ್ ಎಂದಿತು. ನೋಡಿದರೆ ದನಿಯಿಲ್ಲ, ಮಾತಿಲ್ಲ. ಒಂದು ಹಳದಿ ಹೆಬ್ಬೆಟ್ಟು, ಮೇಲೆ ಮುಖ ಮಾಡಿ ನಿಂತದ್ದು.

ಈಗ ನೀವೇ ಹೇಳಿ, ನಮ್ಮ ಕಡೆ ಹೆಬ್ಬೆಟ್ಟು ಎತ್ತಿ ತೋರಿಸಿದರೆ ಏನರ್ಥ? ಕೊಡುತ್ತೇನೆಂದು ಕೊಡದವನು, ಬರುತ್ತೇನೆಂದು ಬಾರದವನು ತೋರಿಸುವುದೇ ಅದನ್ನು. ಮರಾಠಿಯಲ್ಲಿ ಅದಕ್ಕೆ ಠೇಂಗಾ ಎನ್ನುತ್ತಾರೆ. ಚಿಕ್ಕ ಹುಡುಗರು ಕೂಡ ಪೆಪ್ಪರಮೆಂಟು ಬಚ್ಚಿಟ್ಟುಕೊಂಡು ಠೇಂಗಾ ತೋರಿಸಿ ಓಡುತ್ತಾರೆ. ಸುಂದರಾ ಮೊದಲು ಓದಿದ್ದು ಅದನ್ನು: ಬರೂದಿಲ್ಲ ಹೋಗು. ಆಮೇಲೆ ಇನ್ನೊಂದು ಅರ್ಥ ಹೊಳೆಯಿತು. ಹೆಬ್ಬೆಟ್ಟು! ಓದಲು ಬರೆಯಲು ಬಾರದವಳು! ಬೆಳಿಗ್ಗೆ ರೇಷನ್ ಅಂಗಡಿಯಲ್ಲಿ ಯಾವನೋ ಅಂದದ್ದನ್ನು ಸಂಜೆಗೆ ಸುಗಂಧಾಳೂ ಅಂದಳಲ್ಲ. ಮಗ ನೌಕರಿ ಮಾಡುತ್ತಾನೆ, ತಾನು ಮಾಳಿಗೆ ಮನೆಯಲ್ಲಿ ಇರುತ್ತಾಳೆ, ಇನ್ನು ಬೀಡಿ ಕಟ್ಟುವವಳ ಮಗಳಿಗೆ ಪಾಠರಾಖೀಣ ಆಗುವುದುಂಟೇ ಎಂದು ಒಂದರ ಮೇಲೊಂದು ಕಟ್ಟಿಕೊಂಡು ಹೋದಳು. ಅವತ್ತು ಮನೆಯಲ್ಲಿ ಉಪ್ಪಿಲ್ಲದ ಪಲ್ಯವನ್ನು ಎಲ್ಲರೂ ಸುಮ್ಮನೆ ಉಂಡರು.

ಸೊಸೆಗೆ ತೋರಿಸಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ತನಗೆ ಆದ ಅವಮಾನವನ್ನು ಸೊಸೆಯ ಮುಂದೆ ಬಿಚ್ಚಿಡುವುದು ಹೇಗೆ? ಕಣ್ಣು ಉರಿಯುತ್ತವೆ, ಆ ವಾಟ್ಸಪ್ಪು ತೆಗೆದು ಹಾಕು ಎಂದು ಮಾತ್ರ ಹೇಳಿದಳು. ನೀಲಮ ಅತ್ತೆಯ ಮುಖ ನೋಡಿ, ಎದುರಾಡದೆ ತೆಗೆದಳು. ಒಂದೆರಡು ಸಲ ಸುಗಂಧಾಳ ಫೋನು ಬಂತು. ಆ ಫೋಟೋ ಕಂಡೊಡನೆ ಸುಂದರಾ ಕೆಂಪು ಗುಂಡಿ ಒತ್ತಿದಳು. ಆಮೇಲೆ ಅದೂ ನಿಂತಿತು.

ಬರದೇ ಇದ್ದರೆ ಬಿಡಲಿ ಎಂದು ಹೇಳಿಕೊಂಡಳೇ ಹೊರತು, ಬಿಡಲು ಆಗಲಿಲ್ಲ. ಕಟ್ಟೆಯಲ್ಲಿ ಎಲೆ ಕತ್ತರಿಸುವಾಗ ಏನಾದರೂ ನಗುವಂಥ ಮಾತು ಕಿವಿಗೆ ಬಿದ್ದರೆ ಕಾಲು ತಾನಾಗಿ ಮುಂದೆ ಚಾಚುತ್ತಿತ್ತು. ಅಲ್ಲಿ ಫೋನಿಲ್ಲ, ಬರೀ ಕಲ್ಲು. ಊಟ ಸೇರದು, ನಿದ್ದೆ ಹತ್ತದು. ಮಗಳ ಮದುವೆಯ ಸೀರೆ ನೋಡಲು ಕರೆದರೆ ನೀವೇ ನೋಡಿ ಎನ್ನುವಳು. ಹೆಂಗಸರು ಮಾತಾಡಿಸಿದರೆ ಹೂಂ, ಹಾಂ ಅಷ್ಟೇ. ಸುಂದರಾಬಾಯಿಗೆ ಏನೋ ಬಡಿದುಕೊಂಡಿದೆ, ದವಾಖಾನೆಗೆ ತೋರಿಸಿ ಎಂದು ಕಾಶಿಬಾಯಿ ಎಂಬ ಹಿರಿಯಳು ರಾಜಾರಾಮನಿಗೆ ಗುಟ್ಟಾಗಿ ಹೇಳಿದಳು. ಹೆಂಡತಿಯ ಬೈಗುಳವಿಲ್ಲದೆ ಅವನೂ ಸೊರಗಿದ್ದ, ಪಾಪ.

ಪಾಠರಾಖೀಣಳಾಗಿ ಯಾರು ಹೋಗುವುದು ಎಂಬ ಮಾತು ಮನೆಯಲ್ಲಿ ಎದ್ದಿತು. ನೀಲಮಳ ಅವ್ವ ಹೋಗಲಿ ಎಂದರು, ಕಾಶಿಬಾಯಿ ಹೋಗಲಿ ಎಂದರು. ಸುಗಂಧಾಳನ್ನು ಮಾವಶಿ, ಅಂದರೆ ಚಿಕ್ಕವ್ವ, ಎಂದೇ ಕರೆಯುವ ಮಯೂರಿ ಮಾತ್ರ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಸುಗಂಧಾ ಮಾವಶಿ ಬರೂದಿಲ್ಲೇನವ್ವಾ?" ಎಂದು ಕೇಳಿದಳು. ಹುಡುಗಿಯ ಕಣ್ಣಲ್ಲಿ ನೀರು ಬಂದದ್ದನ್ನು ಸುಂದರಾ ನೋಡಿದಳು.

ಮದುವೆಯ ಪತ್ರಿಕೆಗಳು ಅಚ್ಚಾಗಿ ಬಂದವು. ರಾಜಾರಾಮ ಊರೂರು ತಿರುಗುವವ ಯಾರು ಎಂದು, ಒಂದು ಪತ್ರಿಕೆಯ ಫೋಟೋ ಹೊಡೆದು ಎಲ್ಲರಿಗೂ ಫೋನಿನಲ್ಲೇ ಕಳಿಸಿಬಿಟ್ಟ. ಈಗ ಎಲ್ಲರೂ ಹಾಗೇ ಮಾಡುತ್ತಾರಂತೆ. ರಾಯಬಾಗಕ್ಕೂ ಕಳಿಸಲೇ ಎಂದು ಕೇಳಿದಾಗ ಸುಂದರಾ ಬಹಳ ದಿನಗಳ ಮೇಲೆ ಪೂರಾ ಬಾಯಿ ತೆರೆದಳು. ಬೇಡ, ಅದನ್ನು ನಾನು ಕೈಯಾರೆ ಕೊಟ್ಟು ಬರುತ್ತೇನೆ ಎಂದಳು. ಬಾರದೇ ಇರುವವಳಿಗೂ ಕರೆಯುವುದು ತನ್ನ ಧರ್ಮ. ಜೊತೆಗೆ ಠೇಂಗಾ ತೋರಿಸಿದವಳು ಮುಖಾಮುಖಿ ತೋರಿಸಲಿ, ನೋಡೇಬಿಡುತ್ತೇನೆ ಎನ್ನುವುದೂ ಇತ್ತು. ಮೂಗಿನ ತುದಿಯಲ್ಲಿ ಸಿಟ್ಟು, ಕೈಚೀಲದಲ್ಲಿ ಪತ್ರಿಕೆ, ಅದರ ಕೆಳಗೆ ಸುಗಂಧಾಳಿಗೆ ಇಷ್ಟವೆಂದು ಶೇಂಗಾ ಹೋಳಿಗೆ. ಹೋಳಿಗೆ ಯಾಕೆ ಎಂದು ನೀಲಮ ಕೇಳಿದ್ದಕ್ಕೆ, ಕೆಟ್ಟುಹೋಗುತ್ತವೆ ಅದಕ್ಕೆ ಎಂದಳು. ಹಿಂದಿನ ದಿನವಷ್ಟೇ ಮಾಡಿದ ಹೋಳಿಗೆ ಅವು.

ನಿಪ್ಪಾಣಿಯಲ್ಲಿ ಒಂದು ಬಸ್ಸು, ಚಿಕ್ಕೋಡಿಯಲ್ಲಿ ಇನ್ನೊಂದು. ಕಿಟಕಿಯ ಪಕ್ಕ ಕೂತು ದಾರಿಯುದ್ದಕ್ಕೂ ಬೈಗುಳ ಹೊಂದಿಸಿಕೊಂಡಳು. ಮೊದಲು ಏನು ಹೇಳಬೇಕು, ಅವಳು ಹೀಗೆಂದರೆ ತಾನು ಏನೆನ್ನಬೇಕು, ಕೊನೆಗೆ ಯಾವ ಮಾತು ಹೇಳಿ ಮೆಟ್ಟಿಲು ಇಳಿಯಬೇಕು, ಎಲ್ಲ ತಯಾರಾಯಿತು. ಹಂಗಾಮಿನ ಕೊನೆಯ ಕಬ್ಬಿನ ಗಾಡಿಗಳು ಅಡ್ಡ ಬಂದು ಬಸ್ಸು ನಿಂತಾಗ, ಸುಮೇಧ ತಡವಾಗಿ ಬಂದನೆಂದು ಸುಗಂಧಾ ಹೇಳಿದ್ದು ಇದೇ ಜಾಗವಿರಬೇಕು ಎನ್ನಿಸಿತು. ಮನಸ್ಸು ಮೆತ್ತಗಾಗತೊಡಗಿದ್ದನ್ನು ಕಂಡು ತನ್ನನ್ನೇ ಗದರಿಕೊಂಡಳು.

ರಾಯಬಾಗದ ಮನೆ ಮೇಲಿನ ಮಾಳಿಗೆಯದು. ಬಾಗಿಲು ತೆರೆದ ಸುಗಂಧಾಳನ್ನು ನೋಡಿ ಸುಂದರಾ ಒಂದು ಗಳಿಗೆ ಗುರುತು ಹಿಡಿಯಲಿಲ್ಲ. ಮುಖ ಬಾಡಿತ್ತು, ಕುಪ್ಪಸ ಸಡಿಲಾಗಿತ್ತು. ಮಗ ಸೊಸೆ ಇಬ್ಬರೂ ಕೆಲಸಕ್ಕೆ ಹೋಗಿದ್ದರು. ಮನೆ ಚೊಕ್ಕವಾಗಿತ್ತು, ಸದ್ದೇ ಇರಲಿಲ್ಲ. ಬಾಗಿಲ ಹಿಂದೆ ಗೂಟಕ್ಕೆ ಒಂದು ತುಂಬಿದ ಚೀಲ ನೇತಾಡುತ್ತಿತ್ತು. ಎಲ್ಲಿಗೋ ಹೊರಟು ನಿಂತಿದ್ದಾಳೆ, ನನ್ನ ಮಗಳ ಮದುವೆಗೆ ಮಾತ್ರ ಇವಳಿಗೆ ಪುರಸೊತ್ತಿಲ್ಲ ಎಂದು ಸುಂದರಾಳ ಸಿಟ್ಟು ಮತ್ತೆ ಏರಿತು. ಸುಗಂಧಾ ನೀರಿನ ತಂಬಿಗೆ ತಂದು ಕೊಟ್ಟರೆ ಮುಟ್ಟಲಿಲ್ಲ. ಬಸ್ಸಿನಲ್ಲಿ ಹೊಂದಿಸಿಕೊಂಡ ಮಾತು ಒಂದೂ ನೆನಪಾಗಲಿಲ್ಲ. ತನ್ನ ಸವೆದ ಹೆಬ್ಬೆಟ್ಟನ್ನು ಎತ್ತಿ ಸುಗಂಧಾಳ ಮೂಗಿನ ಮುಂದೆ ಹಿಡಿದಳು.

"ಇದೇನಬೇ?"

ಸುಗಂಧಾ ಕಕ್ಕಾಬಿಕ್ಕಿಯಾಗಿ, "ಹೆಬ್ಬೆಟ್ಟು," ಎಂದಳು.

"ಅದು ನನಗೂ ಗೊತ್ತೈತಿ. ನನಗ್ಯಾಕ ತೋರಿಸಿದಿ? ಬರೂದಿಲ್ಲಂದ್ರ ಬರೂದಿಲ್ಲ ಅನ್ನು. ಸಾಲಿ ಕಲ್ತಿಲ್ಲ ನಾನು, ಅದು ನಿನಗ ಇವತ್ತ ಗೊತ್ತಾತೇನ?"

ಸುಗಂಧಾ ಆ ಹೆಬ್ಬೆಟ್ಟನ್ನೊಮ್ಮೆ, ಗೆಳತಿಯ ಮುಖವನ್ನೊಮ್ಮೆ ನೋಡಿದಳು. ಆಮೇಲೆ ತಿಳಿಯಿತು. ತಿಳಿದದ್ದೇ ತಡ, ತಂಬಿಗೆ ನೆಲಕ್ಕಿಟ್ಟು, ಅಲ್ಲೇ ಹೊಸ್ತಿಲ ಮೇಲೆ ಕೂತು ನಗತೊಡಗಿದಳು. ನಗುತ್ತ ನಗುತ್ತ ಅಳು ಬಂತು, ಸೆರಗು ಬಾಯಿಗೆ ತುರುಕಿಕೊಂಡಳು. ಸುಂದರಾ ಹೆಬ್ಬೆಟ್ಟು ಎತ್ತಿಕೊಂಡೇ ನಿಂತಿದ್ದಳು, ಇಳಿಸಬೇಕೋ ಬೇಡವೋ ತಿಳಿಯದೆ.

ಕಣ್ಣೊರೆಸಿಕೊಂಡು ಸುಗಂಧಾ ಹೇಳಿದಳು. ಸುಮೇಧನ ಕಚೇರಿಯಲ್ಲಿ ಸಾಹೇಬರು ಏನು ಹೇಳಿದರೂ ಎಲ್ಲರೂ ಈ ಹೆಬ್ಬೆಟ್ಟನ್ನೇ ಒತ್ತುತ್ತಾರಂತೆ. ಹೌದ್ರಿ, ಆಗಲಿ, ಬರ್ತೀನಿ ಎನ್ನುವುದಕ್ಕೆಲ್ಲ ಇದೊಂದೇ. ಮಗ ಹೇಳಿಕೊಟ್ಟಿದ್ದ. ಆ ದಿನ ಸುಂದರಾಳ ಮಾತು ಕೇಳಿ, ನನಗಂತೂ ಯಾರೂ ಬಂದಿದ್ದಿಲ್ಲ ಎಂಬಲ್ಲಿಗೆ ಬಂದಾಗ ಇವಳಿಗೆ ಆ ಒಳಕೋಣೆ, ಗೋಡೆಗೆ ಮುಖ ಮಾಡಿದ ಹುಡುಗಿ, ಎಲ್ಲ ಕಣ್ಣಿಗೆ ಕಟ್ಟಿತು. "ಮಾತಾಡಬೇಕಂತ ಮೈಕ್ ಒತ್ತಿದೆ ಬೇ. ಬರೀ ಅಳು ಬರ್ತಿತ್ತು. ಅತ್ತದ್ದ ಕೇಳಿ ನೀ ಗಾಬರಿ ಆಗ್ತಿ ಅಂತ ಹೆಬ್ಬೆಟ್ಟು ಒತ್ತಿದೆ. ಬರ್ತೀನಿ ಅಂದಿದ್ದು ಅದು." ಗೂಟದ ಚೀಲದ ಕಡೆಗೆ ಕೈ ತೋರಿಸಿದಳು. "ಅವತ್ತ ಕಟ್ಟಿಟ್ಟೀನಿ."

ಸುಂದರಾ ಹೋಗಿ ಚೀಲ ಬಿಚ್ಚಿ ನೋಡಿದಳು. ಮೇಲೆ ಹೊಸ ಇಳಕಲ್ ಸೀರೆ, ಕೆಳಗೆ ಮಯೂರಿಗೆ ಹೊದೆಯಲೆಂದು ಹೊಲಿದ ಕೌದಿ, ಒಂದು ಡಬ್ಬಿಯಲ್ಲಿ ಹುಡುಗಿಗೆ ಸೇರುತ್ತದೆಂದು ಪುಟಾಣಿ, ಅಂದರೆ ಹುರಿಗಡಲೆ, ಕುಟ್ಟಿದ ಚಟ್ನಿಪುಡಿ. ಚೀಲದ ಹಿಡಿಕೆಯ ಮೇಲೆ ಸಣ್ಣಗೆ ಧೂಳು ಕೂತಿತ್ತು. ಅವಳಿಗೆ ನಾಚಿಕೆಯಾಯಿತು, ಸಿಕ್ಕಾಪಟ್ಟೆ ನಾಚಿಕೆ.

ಮಾತು ನಿಂತ ಮೇಲೆ ತನ್ನ ಗತಿ ಏನಾಯಿತೆಂದು ಸುಗಂಧಾ ಬಿಡಿಸಿ ಹೇಳಲಿಲ್ಲ; ಉಳಿದದ್ದನ್ನು ಆಮೇಲೆ ಸುಮೇಧ ಹೇಳಿದ. ಫೋನು ತೆಗೆದು ತೋರಿಸಿದಳು ಅಷ್ಟೆ. ದಿನಾ ಬೆಳಿಗ್ಗೆ ಯಾರು ಯಾರೋ ಕಳಿಸಿದ ಗುಲಾಬಿ ಹೂವು, ಸೂರ್ಯೋದಯ, ಶುಭದಿನ ಎಂಬ ಬರಹ, ರಾಶಿ ರಾಶಿ. ಅವುಗಳಲ್ಲಿ ಉಂಡೇನಬೇ ಎಂದು ಕೇಳುವ ಹೂವು ಒಂದೂ ಇರಲಿಲ್ಲ. ಏನು ತಪ್ಪು ಮಾಡಿದೆನೋ ಎಂದು ಯೋಚಿಸಿ ಯೋಚಿಸಿ ಊಟ ಬಿಟ್ಟಳು. ಡಾಕ್ಟರು ನೋಡಿ, ಹಸಿವಿಗೆಂದು ಒಂದಿಷ್ಟು ಗುಳಿಗೆ ಬರೆದುಕೊಟ್ಟು, ರೋಗವೇನೂ ಇಲ್ಲ, ಇವರ ಜೊತೆ ಮಾತಾಡುವವರು ಬೇಕು ಎಂದು ಸುಮೇಧನಿಗೆ ಹೇಳಿದರಂತೆ. ಅಂದಿನಿಂದ ಮಧ್ಯಾಹ್ನ ಒಬ್ಬಳೇ ಇದ್ದಾಗ ಸುಂದರಾಳ ಹಳೆಯ ಮಾತುಗಳನ್ನೇ ಮತ್ತೆ ಹಾಕಿ ಕೇಳುವಳು. ಈಗ ಒಂದನ್ನು ಒತ್ತಿದಳು. ಸುಂದರಾ ಯಾರದೋ ಕೋಳಿಯನ್ನು ಬೈಯುತ್ತಿದ್ದ ಮಾತು. ಅದರ ಹಿಂದೆ ಕಚಕ್, ಕಚಕ್ ಎಂದು ಎಲೆ ಕತ್ತರಿಸುವ ಸಪ್ಪಳ. ಕೇಳುತ್ತ ಕೂತ ಸುಗಂಧಾಳ ಹೆಬ್ಬೆಟ್ಟು ತೊಡೆಯ ಮೇಲೆ ಬೀಡಿ ಉರುಳಿಸುವಂತೆ ತಾನಾಗಿ ಆಡುತ್ತಿತ್ತು. ಅದನ್ನು ಕಂಡು ಸುಂದರಾ ಅವಳ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಪತ್ರಿಕೆ ಕೊಟ್ಟಳು, ಹೋಳಿಗೆ ತಿನ್ನಿಸಿದಳು, ತಂಬಿಗೆಯ ನೀರು ಗಟಗಟ ಕುಡಿದಳು. ಸುಮೇಧ ಬರುವತನಕ ಇಬ್ಬರೂ ಆಡಿದ ಮಾತಿಗೆ ಲೆಕ್ಕವಿಲ್ಲ. ಅವನು ಒಳಗೆ ಬಂದಾಗ ಅವ್ವ ಹೋಳಿಗೆಯ ಮೇಲೆ ಮತ್ತಷ್ಟು ತುಪ್ಪ ಸುರಿದುಕೊಳ್ಳುತ್ತಿದ್ದಳು. "ಮಾವಶಿ, ನೀವು ಮೊದಲ ಬಂದಿದ್ರ ಆ ಗುಳಿಗಿ ತರೂದ ಬೇಕಿದ್ದಿಲ್ರಿ," ಎಂದು ಚಪ್ಪಲಿ ಬಿಡುವುದನ್ನೂ ಮರೆತು ನಿಂತುಬಿಟ್ಟ. ಮರುದಿನ ಬೆಳಗಿನ ಬಸ್ಸಿಗೆ ಸುಗಂಧಾ ಗೂಟದ ಚೀಲ ಇಳಿಸಿಕೊಂಡು ಸುಂದರಾಳ ಜೊತೆಗೇ ಹೊರಟಳು. ಚಿಕ್ಕೋಡಿಯಲ್ಲಿ ಇಳಿಯಬೇಕೆಂಬುದನ್ನು ಕಂಡಕ್ಟರು ಇಬ್ಬರಿಗೂ ಕೂಗಿ ಕೂಗಿ ನೆನಪು ಮಾಡಬೇಕಾಯಿತು.

ಮದುವೆಯ ದಿನಗಳಲ್ಲಿ ಕಟ್ಟೆ ಮತ್ತೆ ತುಂಬಿತು. ಸುಗಂಧಾ ಬಂದಿದ್ದಾಳೆಂದು ಮನೆಯಲ್ಲಿ ಕೂತವರೂ ಮೊರ ಎತ್ತಿಕೊಂಡು ಬಂದರು. ಹೆಬ್ಬೆಟ್ಟಿನ ಕತೆಯನ್ನು ಸುಂದರಾ ತಾನೇ ಅಭಿನಯಿಸಿ ಹೇಳಿ ಎಲ್ಲರನ್ನೂ ನಗಿಸಿದಳು. ಕಾಶಿಬಾಯಿಗೆ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಿತು. ನೀಲಮ ವಾಟ್ಸಪ್ಪನ್ನು ಫೋನಿಗೆ ಮತ್ತೆ ಹಾಕಿದಳು, ಅತ್ತೆ ಇನ್ನು ಯಾವ ಚಿತ್ರ ಬಂದರೂ ತನಗೆ ತೋರಿಸಬೇಕೆಂಬ ಕರಾರಿನ ಮೇಲೆ. ರಾಜಾರಾಮ ಬೈಸಿಕೊಂಡು ಮತ್ತೆ ಮೈ ತುಂಬಿಕೊಂಡ.

ಮದುವೆ ಚೆನ್ನಾಗಿಯೇ ಆಯಿತು. ಕಳಿಸಿಕೊಡುವ ಹೊತ್ತಿಗೆ ಮಯೂರಿ ಅವ್ವನ ಕೊರಳಿಗೆ ಬಿದ್ದು ಅತ್ತಳು. ಸುಗಂಧಾ ಹುಡುಗಿಯ ಹೆಗಲ ಮೇಲೆ ಕೈ ಹಾಕಿ, ಮೆಲ್ಲಗೆ ಬಿಡಿಸಿಕೊಂಡು ಗಾಡಿ ಹತ್ತಿಸಿ, ತಾನು ಪಕ್ಕದಲ್ಲಿ ಕೂತಳು. ಗಾಡಿ ಮಂಗಸೂಳಿಯ ಹಾದಿ ಹಿಡಿಯಿತು. ಸುಂದರಾ ಬೀಗರಿಗೂ, ಚಾಲಕನಿಗೂ, ಗಾಡಿಗೂ ಬುದ್ಧಿ ಹೇಳುತ್ತ ರಸ್ತೆಯ ತಿರುವಿನವರೆಗೆ ಹಿಂದೆಯೇ ಹೋದಳು. ಮನೆಗೆ ಬಂದು ಚಪ್ಪರದಲ್ಲಿ ಕೂತಳು. ಊಟಕ್ಕೆ ಕರೆದರೆ ಏಳಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಫೋನು ಟಿಣ್ ಎಂದಿತು. ನೀಲಮ ಒತ್ತಿ ಹಿಡಿದಳು, ಚಪ್ಪರದಲ್ಲಿದ್ದವರೆಲ್ಲ ಕಿವಿ ಕೊಟ್ಟರು. ಸುಗಂಧಾಳ ಸಣ್ಣ ದನಿ. "ಸುಂದರಾ, ಪೋರಿ ಹೊಟ್ಟಿ ತುಂಬ ಉಂಡಾಳ. ಅತ್ತಿಲ್ಲ. ಅವರತ್ತಿ ಜೋಡಿ ನಕ್ಕೋತ ಮಾತಾಡಾಕತ್ತಾಳ, ಬಾಯಿ ಪೂರಾ ನಿಂದ ಐತಿ. ನಾ ಆಕಿ ಬೆನ್ನಿಗದೀನಿ. ನೀ ಉಣ್ಣು."

ನೀ ಉಣ್ಣು. ಅಂದೂ ಇದೇ ಮಾತು, ಇದೇ ದನಿ.

ನೀಲಮ ಮೈಕು ಒತ್ತಿ ಫೋನನ್ನು ಅತ್ತೆಯ ಬಾಯಿಯ ಹತ್ತಿರ ಹಿಡಿದು, "ಹೇಳ್ರಿ ಅತ್ತಿ," ಎಂದಳು. ಸುಂದರಾ ಬಾಯಿ ತೆರೆದಳು. ದನಿ ಬರಲಿಲ್ಲ. ಮತ್ತೊಮ್ಮೆ ತೆರೆದಳು, ಬರೀ ಅಳು ಬಂತು. ಇಡೀ ಕೊಗನೊಳ್ಳಿಗೆ ಮಾತು ಹಂಚಿದ ಹೆಂಗಸಿಗೆ ಒಂದು ಹೂಂ ಅನ್ನಲಾಗಲಿಲ್ಲ. ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಅವಳು ಸೊಸೆಯ ಕೈಯಿಂದ ಫೋನು ತೆಗೆದುಕೊಂಡು, ಆ ಚಿತ್ರಗಳೆಲ್ಲ ಎಲ್ಲಿವೆ ತೋರಿಸು ಎಂದು ಕೈಸನ್ನೆ ಮಾಡಿದಳು. ಒಂದೊಂದೇ ಸರಿಸುತ್ತ ಹೋಗಿ, ಹಳದಿ ಹೆಬ್ಬೆಟ್ಟು ಸಿಕ್ಕ ಕೂಡಲೇ ತನ್ನ ಸವೆದ ಹೆಬ್ಬೆಟ್ಟಿನಿಂದ ಅದನ್ನು ಒತ್ತಿದಳು.

ಮಂಗಸೂಳಿಯಿಂದ ಉತ್ತರ ಬರಲು ತಡವಾಗಲಿಲ್ಲ. ಸುಗಂಧಾ ನಗುತ್ತಿದ್ದಳು, ನಗುವಿನ ಹಿಂದೆ ಮಯೂರಿಯ ನಗೆಯೂ ಕೇಳುತ್ತಿತ್ತು. "ಏನಬೇ, ನನಗ ಠೇಂಗಾ ತೋರಸ್ತಿ?"

ಸುಂದರಾ ಸೆರಗಿನಿಂದ ಮೂಗು ಒರೆಸಿಕೊಂಡು, ಊಟಕ್ಕೆ ತಾಟು ಹಚ್ಚು ಎಂದು ನೀಲಮಳಿಗೆ ಹೇಳಿದಳು.